ಬಿಳಿ ಚಡ್ಡಿ, ಕರಿ ಚಡ್ಡಿ ಮತ್ತು ಹೆಗಡೆಯವರ ಪೀಠಿಕೆ

ವಿಡಿಯೋ ಗೇಮ್‌ಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಯಾರೂ ಕೇಳಿಲ್ಲ. ಆದರೂ ಇವೆ!

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮೀಸೆ ಬಂದ, ಕೈಯಲ್ಲಿ ಬೆತ್ತ ಹಿಡಿದ, ಮಕ್ಕಳು ಕಂಡರೆ ಸೈಕಲ್ಲಿನಿಂದ ಇಳಿಯುವಂಥ ಮಾಸ್ತರನೊಬ್ಬ ವಿಡಿಯೋ ಗೇಮಿನ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿದ್ದರೆ ಅದನ್ನು ಪೇಟೆಯಲ್ಲಿ ಹೇಳಿಕೊಂಡು ತಿರುಗುವ ಹಾಗಿರಲಿಲ್ಲ. ಹೇಳೋಣವೆಂದರೂ ಕೇಳುವವರು ಬೇಕಲ್ಲ. ನನ್ನ ಊರು ಬನವಾಸಿಯ ಹತ್ತಿರ. ಅಲ್ಲಿ ನಮ್ಮದು ಅನಾನಸು, ಶುಂಠಿ ಬೆಳೆಯುವ ದೊಡ್ಡ ಸಂಸಾರ. ಸಂಜೆಯಾದರೆ ಕಟ್ಟೆಯ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಯಲ್ಲಾಪುರಕ್ಕೆ ವರ್ಗವಾಗಿ ಬಂದ ಮೇಲೆ ಶಾಲೆಯ ಕೊನೆಯ ಗಂಟೆ ಹೊಡೆದರೆ ಮರುದಿನದ ಪ್ರಾರ್ಥನೆಯವರೆಗೆ ನನ್ನ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಮದುವೆ ಆಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಂದು ಸ್ಟವ್, ಒಂದು ಚಾಪೆ, ಅಣ್ಣ ಬೇಡವೆಂದು ಕೊಟ್ಟ ಒಂದು ಕಪ್ಪು-ಬಿಳುಪು ಟಿ.ವಿ. ಅದೂ ನಾಲ್ಕು ಗುದ್ದಿದರೆ ಒಂದು ಸಲ ಮಾತಾಡುತ್ತಿತ್ತು.

ಹೀಗಿರುವಾಗ ಒಮ್ಮೆ ಊರಿಂದ ಬರುತ್ತಾ ಶಿರಸಿಯಲ್ಲಿ ಬಸ್ಸು ತಪ್ಪಿಹೋಯಿತು. ಹೊತ್ತು ಕಳೆಯಲು ಒಂದು ಅಂಗಡಿಯ ಎದುರು ನಿಂತೆ. ಅಂಗಡಿಯವ ಟಿ.ವಿ.ಗೆ ಜೋಡಿಸುವ ಗೇಮಿನ ಡಬ್ಬ ತೆಗೆದು ಮುಂದಿಟ್ಟ.

“ಎರಡು ರಿಮೋಟ್ ಇದ್ದು ಸರ್. ಇಬ್ರು ಕೂತು ಆಡ್ಲಕ್ಕು” ಎಂದ.

ಆ ‘ಇಬ್ರು’ ಎಂಬ ಒಂದು ಮಾತೇ ನನ್ನನ್ನು ಕೆಡಿಸಿತು. ಡಬ್ಬದ ಮೇಲಿನ ಚಿತ್ರದಲ್ಲಿ ಇಬ್ಬರು ಹೆಗಲಿಗೆ ಹೆಗಲು ತಾಗಿಸಿ ಕೂತು ನಗುತ್ತಿದ್ದರು. ಹಿಂದೆಮುಂದೆ ನೋಡದೆ ಕೊಂಡುಬಿಟ್ಟೆ. ಎರಡನೆಯವನು ಡಬ್ಬದ ಒಳಗೆ ಬರುವುದಿಲ್ಲ ಎಂಬ ಸಂಗತಿ ಕೋಣೆಗೆ ಬಂದು ಬಿಚ್ಚಿದ ಮೇಲೆ ಹೊಳೆಯಿತು!

ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಇದ್ದದ್ದು ಬೆರಳೆಣಿಕೆಯವು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಅಷ್ಟನ್ನೂ ಆಡಿ, ಅಧ್ಯಯನ ಮಾಡಿ, ನಾನು ಈ ಕೆಳಗಿನ ತೀರ್ಮಾನಗಳಿಗೆ ಬಂದೆ.

ಮೊದಲನೆಯದು ಕಾರ್ ರೇಸು. ಶಿರಸಿ–ಯಲ್ಲಾಪುರ ರಸ್ತೆಯಲ್ಲಿ ಓಡಾಡಿದವನಿಗೆ ಇದು ರುಚಿಸುವುದು ಕಷ್ಟ. ತಿರುವಿನಲ್ಲಿ ಹಾರ್ನ್ ಇಲ್ಲ. ರಸ್ತೆಗೆ ಅಡ್ಡ ಮಲಗಿದ ಎಮ್ಮೆ ಇಲ್ಲ. ಎದುರು ಬಂದ ಗಾಡಿಯವನು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಆಚೆಯವನ ಮನೆಯ ಸುದ್ದಿ ಕೇಳುವುದಿಲ್ಲ. ಹಿಂದಿನಿಂದ ಬಂದವರಿಗೆಲ್ಲ ನಾನು ಮರ್ಯಾದೆಯಿಂದ ಬದಿ ಕೊಟ್ಟೆ. ಎಲ್ಲರೂ ಹೋದರು. ಒಬ್ಬನೂ ಕೈ ಎತ್ತಲಿಲ್ಲ. ಆಮೇಲೆ ರಸ್ತೆ ಪೂರ್ತಿ ನನ್ನದೇ, ಹಿಂದೆ ಯಾರೂ ಇಲ್ಲ, ಮುಂದೆಯೂ ಯಾರೂ ಇಲ್ಲ. ನನ್ನ ಸಂಜೆಗಳೂ ಹಾಗೇ ಇದ್ದವು. ಅದಕ್ಕೆ ದುಡ್ಡು ಕೊಟ್ಟು ಆಟ ತರಬೇಕಾಗಿರಲಿಲ್ಲ.

ಮೇಲಿಂದ ಇಟ್ಟಿಗೆ ಬೀಳುವ ಆಟ ಗಣಿತದವರಿಗೆ ಒಗ್ಗುತ್ತದೆ ಎಂದು ಯಾರೋ ಹೇಳಿದ್ದರು. ಸುಳ್ಳು. ಉದ್ದನೆಯ ತುಂಡು ಬೇಕೆಂದು ಬಾಯಿಬಾಯಿ ಬಿಡುತ್ತಾ ಕಾದರೆ ಬರುವುದಿಲ್ಲ. ಬೇಡವೆಂದಾಗ ಒಂದರ ಹಿಂದೆ ಒಂದು ಬರುತ್ತವೆ. ಸಿದ್ದಾಪುರದ ಬಸ್ಸನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಇನ್ನು ಹಾರುತ್ತಾ ಓಡುತ್ತಾ ಹೋಗುವ ಶೂರನ ಆಟ. ಹೊಂಡ ದಾಟುತ್ತಾನೆ, ಬೆಂಕಿ ದಾಟುತ್ತಾನೆ, ಕೋಟೆಯ ಮೇಲೆ ಕೋಟೆ ದಾಟುತ್ತಾನೆ. ನಮ್ಮ ಕಡೆ ದಾರಿ ಕೇಳಲು ಅಂಗಳಕ್ಕೆ ಕಾಲಿಟ್ಟವನಿಗೂ “ಆಸರಿಗೆ ಎಂತ ಕುಡಿತ್ರಿ?” ಎಂದು ಕೇಳದೆ ಬಿಡುವುದಿಲ್ಲ. ಈ ಮನುಷ್ಯ ಅಷ್ಟು ಕೋಟೆ ಹೊಕ್ಕು ಬಂದರೂ ಒಬ್ಬರೂ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡಲಿಲ್ಲ! ಅವನನ್ನು ಓಡಿಸುತ್ತಾ ಓಡಿಸುತ್ತಾ ನನಗೇ ಬಾಯಾರಿ, ಎದ್ದು ನೀರು ಕುಡಿದು ಬರುವಷ್ಟರಲ್ಲಿ ಅವನು ಸತ್ತಿರುತ್ತಿದ್ದ.

ಹೆಸರಿಗೊಂದು ಕ್ರಿಕೆಟ್ ಆಟವಿತ್ತು, ಅದನ್ನು ಬಿಟ್ಟರೆ ಉಳಿದದ್ದು ಹೊಡೆದಾಟದ ಆಟ. ಇಬ್ಬರು ಎದುರುಬದುರು ನಿಲ್ಲುತ್ತಾರೆ, ಹೊಡೆದುಕೊಳ್ಳುತ್ತಾರೆ, ಒಬ್ಬ ಬೀಳುತ್ತಾನೆ. ನನ್ನ ಟಿ.ವಿ.ಯಲ್ಲಿ ಬಣ್ಣವಿಲ್ಲದ್ದರಿಂದ ಒಬ್ಬನಿಗೆ ಬಿಳಿ ಚಡ್ಡಿ, ಇನ್ನೊಬ್ಬನಿಗೆ ಕರಿ ಚಡ್ಡಿ. ಬಿಳಿ ಚಡ್ಡಿ ನಾನು. ಕರಿ ಚಡ್ಡಿಯನ್ನು ಎರಡನೇ ರಿಮೋಟ್ ಹಿಡಿದವರು ಆಡಿಸಬೇಕು. ಯಾರೂ ಹಿಡಿಯದಿದ್ದರೆ ಗೇಮಿನ ಪೆಟ್ಟಿಗೆಯೇ ಆಡಿಸುತ್ತದೆ. ಪೆಟ್ಟಿಗೆ ಬಯ್ಯುವುದಿಲ್ಲ, ನಗುವುದಿಲ್ಲ, ಗೆದ್ದರೂ ಹಂಗಿಸುವುದಿಲ್ಲ, ಸುಮ್ಮನೆ ಹೊಡೆಯುತ್ತದೆ. ಬಾಯಿ ಬಿಡದೆ ಹೊಡೆಯುವವರ ಜೊತೆ ಜಗಳಕ್ಕೆ ಇಳಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಆಗ ಎಡಗೈಯಲ್ಲಿ ಒಂದು ರಿಮೋಟ್, ಬಲಗೈಯಲ್ಲಿ ಒಂದು ರಿಮೋಟ್ ಹಿಡಿದು ನಾನೇ ಇಬ್ಬರಾಗಿ ಆಡಿದೆ. ಎಡಗೈ ಗೆದ್ದಿತು! ಆ ಅವಮಾನ ತಡೆಯಲಾರದೆ ಮರುದಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರರನ್ನು ಸಂಜೆಗೆ ಕರೆದೆ. “ಪಾಲಕರಿಗೆ ಗೊತ್ತಾದ್ರೆ ಎಂತ ಹೇಳ್ತ್ರು ಮಾರಾಯ್ರೆ?” ಎಂದು ಅವರು ಸೈಕಲ್ ಹತ್ತಿಬಿಟ್ಟರು.

ಇಷ್ಟಾದ ಮೇಲೆ ನನಗೆ ಒಲಿದು ಬಂದವರು ನಮ್ಮ ಮನೆಮಾಲೀಕ ಹೆಗಡೆಯವರು. ಅವರ ಮನೆಯ ಮೆತ್ತಿಯ ಮೇಲೆ, ಹಲಗೆ ಹಾಸಿದ ಕೋಣೆಯಲ್ಲಿ ನನ್ನ ಬಿಡಾರ. ಕೆಳಗೆ ಹೆಗಡೆಯವರು ಮತ್ತು ಅವರ ಹೆಂಡತಿ ಗಂಗಕ್ಕ. ಹಲಗೆಯ ಸಂದಿನಿಂದ ಅವರ ಮನೆಯ ಒಗ್ಗರಣೆ ನನಗೆ, ನನ್ನ ಮನೆಯ ಸಪ್ಪಳ ಅವರಿಗೆ ಹಂಚಿಕೆಯಾಗುತ್ತಿತ್ತು. ಅದನ್ನು ಬಿಟ್ಟರೆ ‘ಮಾಸ್ತರೆ, ನೀರು ಬಂತೇ’, ‘ಬಂತ್ರಿ’ ಎಂಬಷ್ಟೇ ನಮ್ಮ ಸಂಬಂಧ.

ಹೆಗಡೆಯವರು ಒಂದು ಕಾಲಕ್ಕೆ ತಾಳಮದ್ದಲೆಯ ದೊಡ್ಡ ಅರ್ಥಧಾರಿ. ತಾಳಮದ್ದಲೆಯೆಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ಎದುರುಬದುರು ಕೂತವರು ಪಾತ್ರಗಳಾಗಿ ಬರೀ ಮಾತಿನಲ್ಲೇ ಹೊಡೆದಾಡುತ್ತಾರೆ. ಅದಕ್ಕೂ ಮೊದಲು ಪ್ರತಿಯೊಂದು ಪಾತ್ರವೂ ತಾನು ಯಾರು, ಯಾಕೆ ಬಂದೆ ಎಂದು ಹೇಳಿಕೊಳ್ಳಬೇಕು. ಅದು ಪೀಠಿಕೆ. ಹೆಗಡೆಯವರ ಪೀಠಿಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಪ್ರಸಿದ್ಧ. ಎದುರು ಕೂತವರು ಒಂದು ನಿದ್ದೆ ತೆಗೆದು, ಚಾ ಕುಡಿದು, ತೋಟಕ್ಕೆ ಹೋಗಿ ಬಂದರೂ ಅದು ನಡೆದೇ ಇರುತ್ತಿತ್ತಂತೆ. ಹಾಗಾಗಿ ಕೂಟ ನಡೆಸುವವರು ಮೊದಲು ಅವರಿಗೆ ರಾಜನ ಪಾತ್ರ ತಪ್ಪಿಸಿ ಮಂತ್ರಿಯದು ಕೊಟ್ಟರು. ಆಮೇಲೆ ದೂತನದು ಕೊಟ್ಟರು. ಕೊನೆಗೆ ವಂದನಾರ್ಪಣೆ ಕೊಟ್ಟರು. ವಂದನಾರ್ಪಣೆಗೂ ಪೀಠಿಕೆ ಹಾಕಿದ್ದರಿಂದ ಕರೆಯುವುದನ್ನೇ ನಿಲ್ಲಿಸಿದರು.

ಒಂದು ಸಂಜೆ ಅವರು ಮೆಟ್ಟಿಲು ಹತ್ತಿ ಬಂದರು. “ಮಾಸ್ತರೆ, ಇದೆಂತ ಸಪ್ಪಳ? ಯಾರಿಗೋ ಹೊಡೀತಾ ಇದ್ರಾ?”

“ಬರ್ರಿ ಹೆಗಡೇರ, ಕುಂದರ್ರಿ. ಟಿ.ವಿ. ಆಟ ರೀ” ಎಂದೆ.

ಅವರು ಚಾಪೆಯ ಮೇಲೆ ಕೂತು ಬಿಳಿ ಚಡ್ಡಿ, ಕರಿ ಚಡ್ಡಿಗಳನ್ನು ದಿಟ್ಟಿಸಿ ನೋಡಿದರು. ಹುಬ್ಬು ಮೇಲೇರಿತು.

“ಇವಿಬ್ರಿಗೆ ಎಂತ ಜಗಳ?”

“ಗೊತ್ತಿಲ್ರಿ. ಕ್ಯಾಸೆಟ್ನಾಗ ಹೇಳಿಲ್ಲ.”

“ಹೇಳಿಲ್ಲೆ? ಕಾರಣವೇ ಇಲ್ದೆ ಹೊಡ್ಕತ್ವ? ಗೂಳಿ ಆದ್ರೂ ಮೊದ್ಲು ಗುಟುರು ಹಾಕ್ತು!” ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. “ಎಲ್ಲಿ, ಆ ಇನ್ನೊಂದು ಇತ್ಲಾಗಿ ಕೊಡಿ.”

ಎರಡನೇ ರಿಮೋಟ್ ಕೊನೆಗೂ ಒಬ್ಬ ಮನುಷ್ಯನ ಕೈ ಸೇರಿತು. ನನಗೆ ಒಳಗೊಳಗೇ ಹಬ್ಬ!

ಹೆಗಡೆಯವರು ಗಂಟಲು ಸರಿಮಾಡಿಕೊಂಡರು. ಕಾರಣವಿಲ್ಲದ ಯುದ್ಧಕ್ಕೆ ಅವರೇ ಕಾರಣ ಹುಟ್ಟಿಸಿದರು. ಬಿಳಿ ಚಡ್ಡಿಯವನೂ ಕರಿ ಚಡ್ಡಿಯವನೂ ಅಕ್ಕಪಕ್ಕದ ಜಮೀನಿನವರು. ಬಿಳಿ ಚಡ್ಡಿಯವನು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬೇಲಿ ಸರಿಸಿದ್ದಾನೆ. ಕರಿ ಚಡ್ಡಿಯವನು ನ್ಯಾಯ ಕೇಳಲು ಬಂದಿದ್ದಾನೆ. “ಎಲವೋ ನೆರೆಯವನೇ! ನಿನ್ನ ಅಜ್ಜನೂ ನನ್ನ ಅಜ್ಜನೂ ಒಂದೇ ಬಾಳೆಯಲ್ಲಿ ಉಂಡದ್ದನ್ನು ಮರೆತೆಯೇನು?” ಎಂದು ಶುರುವಾಯಿತು. ನಾನು ರೂಢಿಯಂತೆ ಒಂದು ಗುದ್ದು ಹಾಕಿದೆ.

“ಏಯ್! ಆನು ಮಾತಾಡಿ ಮುಗ್ಸ ತನಕ ಮುಟ್ಟಲಾಗ!” ಎಂದು ಹೆಗಡೆಯವರು ಗುಡುಗಿದರು.

ಕೈ ತೆಗೆದೆ. ಟಿ.ವಿ.ಯಲ್ಲಿ ಇಬ್ಬರು ಶೂರರೂ ಮುಷ್ಟಿ ಬಿಗಿದು, ಮೊಣಕಾಲು ಕುಣಿಸುತ್ತಾ, ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಮೇಲೆ ಗಡಿಯಾರ ಇಳಿಯುತ್ತಾ ಬಂದು ಸೊನ್ನೆಯಾಯಿತು. ಆಟ ಸಮ ಎಂದು ಪೆಟ್ಟಿಗೆ ತೀರ್ಪು ಕೊಟ್ಟಿತು. ಹೆಗಡೆಯವರು ಇನ್ನೂ ಅಜ್ಜನ ಮದುವೆಯ ದಿಬ್ಬಣದಲ್ಲಿದ್ದರು! ಮತ್ತೆ ಹಚ್ಚಿದೆ. ಮತ್ತೆ ಸಮ. ಆ ಸಂಜೆ ಒಂದು ಪೆಟ್ಟೂ ಬೀಳದೆ ಕಳೆಯಿತು. ವಿಡಿಯೋ ಗೇಮಿನ ಚರಿತ್ರೆಯಲ್ಲೇ ಇಷ್ಟು ಅಹಿಂಸೆಯ ಹೊಡೆದಾಟ ನಡೆದಿರಲಾರದು. ನಾನು ಮಾತ್ರ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದೆ.

ಅಂದಿನಿಂದ ಹೆಗಡೆಯವರು ದಿನಾ ಬರತೊಡಗಿದರು. ಎಲ್ಲ ಆಟಗಳ ಬಗ್ಗೆಯೂ ಅವರಿಗೆ ಅಭಿಪ್ರಾಯಗಳು ಹುಟ್ಟಿದವು. ಇಟ್ಟಿಗೆಯ ಆಟವನ್ನು ಒಂದೇ ಸಲಕ್ಕೆ ತಳ್ಳಿಹಾಕಿದರು: “ಇದ್ರಲ್ಲಿ ಪ್ರತಿಪಕ್ಷವೇ ಇಲ್ಲೆ. ಮಾತಾಡದು ಯಾರ ಹತ್ರ?” ಹಾರುವ ಶೂರನನ್ನು ಕಂಡು ಮರುಗಿದರು: “ಪಾಪ, ಇವಂಗೊಬ್ಬ ಹಾಸ್ಯಗಾರನ್ನಾದ್ರೂ ಜೊತೆ ಮಾಡಕಾಗಿತ್ತು.” ಕ್ರಿಕೆಟ್ ಆಟದಲ್ಲಿ ಅಂಪೈರ್ ಬೆರಳೆತ್ತಿದ್ದೇ ಅವರಿಗೆ ಸಿಟ್ಟು ಬಂತು: “ಔಟು ಹೇಳಿರೆ ಆತ? ಕಾರಣ ಬೇಡ್ದ?” ಇಷ್ಟು ದಿನ ನನ್ನ ತಲೆಯೊಳಗೇ ಕೊಳೆಯುತ್ತಿದ್ದ ಅಭಿಪ್ರಾಯಗಳಿಗೆ ಒಬ್ಬ ವಾರಸುದಾರ ಸಿಕ್ಕಿದ. ನಾವು ಆಡಿದ್ದು ಕಡಿಮೆ, ಆಟದ ಮೇಲೆ ವಾದ ಮಾಡಿದ್ದು ಹೆಚ್ಚು.

ಕೊನೆಗೆ ಮಾತ್ರ ಯಾವಾಗಲೂ ಬೇಲಿಗೇ ಬರುತ್ತಿದ್ದೆವು. ತಾಳಮದ್ದಲೆಯಲ್ಲಿ ಎದುರಿನವನು ಉತ್ತರ ಕೊಡಲೇಬೇಕು. ನನ್ನ ಬಾಯಿಗೋ ಲೆಕ್ಕ ಬಿಟ್ಟರೆ ಬೇರೆ ಬರುವುದಿಲ್ಲ.

“ಹೇಳು, ಬೇಲಿ ಎಂತಕ್ಕೆ ಸರಿಸ್ದೆ?” ಎನ್ನುತ್ತಿದ್ದರು.

“ತಪ್ಪಾತ್ರಿ.”

“ತಪ್ಪಾತು ಹೇಳಿರೆ ಪ್ರಸಂಗವೇ ಮುಗ್ದೋತಲ! ಬೇಲಿ ಸರಿಸಿದವಂಗೂ ಒಂದು ಕಾರಣ ಇರ್ತು ತಮಾ. ವಿಚಾರ ಮಾಡು.”

‘ಮಾಸ್ತರೆ, ನೀವು’ ಹೋಗಿ ‘ತಮಾ, ನೀನು’ ಆಗಿತ್ತು. ಮನೆಯವರೊಡನೆ ಆಡುವ ಭಾಷೆಯನ್ನೇ ನನ್ನೊಡನೆಯೂ ಆಡುತ್ತಿದ್ದರು. ಅದನ್ನು ಗಮನಿಸಿದ ದಿನ ಊರಿಗೆ ಕಾಗದ ಬರೆದು ತಿಳಿಸಿದೆನೆಂದು ಹೇಳಲು ಈಗ ನಾಚಿಕೆಯಿಲ್ಲ. ಗಂಗಕ್ಕನಂತೂ ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದು ಕೈ ಮುಗಿದರು. “ಮಾಸ್ತರೆ, ನಿಮ್ಮ ಪೆಟ್ಟಿಗೆಗೆ ಒಳ್ಳೇದಾಗ್ಲಿ. ಮದ್ವೆ ಆದಾಗಿಂದ ಯನ್ನ ಕಿವಿಗೆ ಇದೇ ಮೊದ್ಲು ರಜೆ ಸಿಕ್ಕಿದ್ದು!”

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತೂ ಸುಖವಾಗಿರುತ್ತಿದ್ದೆ. ಆದರೆ ನನಗೊಂದು ಘನವಾದ ಯೋಚನೆ ಬಂತು. ಹೆಗಡೆಯವರನ್ನು ಮತ್ತೆ ಕೂಟದಲ್ಲಿ ಕೂರಿಸಬೇಕು! ಅವರ ಹಳೆಯ ಜೊತೆಗಾರರಾದ ಉಮ್ಮಚಗಿಯ ಭಾಗವತರನ್ನು ಹುಡುಕಿಕೊಂಡು ಹೋಗಿ ನಮ್ಮ ಬೇಲಿಯ ಪ್ರಸಂಗವನ್ನು ವಿವರಿಸಿದೆ. ಅವರು ಹೆಗಡೆಯವರ ಹೆಸರು ಕೇಳಿ ಮೊದಲು ಹಿಂದೆ ಸರಿದರು. ಟಿ.ವಿ.ಯಲ್ಲಿ ಗಡಿಯಾರವಿದೆ, ಅದು ಇಳಿಯುತ್ತದೆ ಎಂದ ಕೂಡಲೇ ಮುಂದೆ ಬಂದರು.

“ಹೌದನ? ಮಾತು ಮುಗೀದೇ ಇದ್ರೂ ಅದು ನಿಲ್ಸ್ತ?”

“ನಿಲ್ಲಿಸ್ತೈತ್ರಿ.”

“ಹಂಗಾರೆ ಅಡ್ಡಿಲ್ಲೆ, ಬತ್ತೆ” ಎಂದರು.

ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ, ಹೆಗಡೆಯವರ ಜಗಲಿಯಲ್ಲಿ ಕೂಟವೆಂದು ನಿಶ್ಚಯವಾಯಿತು. ಹೆಗಡೆಯವರು ಆ ವಾರವಿಡೀ ನೆಲದ ಮೇಲೆ ನಡೆಯಲಿಲ್ಲ. ಟ್ರಂಕಿನಿಂದ ಹಳೆಯ ಜರಿ ಶಾಲು ತೆಗೆದು ಬಿಸಿಲಿಗೆ ಹಾಕಿದರು. “ಎಲ್ಲರ ಎದ್ರಿಗೆ ಮತ್ತೊಂದು ಸಲ ಕೂರ್ತೆ ಹೇಳಿ ಎಣಿಸಿದ್ನಿಲ್ಲೆ ತಮಾ” ಎಂದು ಒಮ್ಮೆ ಮೆಲ್ಲಗೆ ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡು ಒಳಗೆ ಹೋದರು. ನಾನು ಪಾಠ ಬಿಟ್ಟು ಬೇಲಿ ಸರಿಸಿದ್ದಕ್ಕೆ ಕಾರಣ ಹುಡುಕುತ್ತಾ ಓಡಾಡಿದೆ. ಸಿಕ್ಕಲಿಲ್ಲ.

ಭಾನುವಾರ ಜಗಲಿ ತುಂಬಿತು. ಕೂಟಕ್ಕೆ ಬಂದವರು ಕೆಲವರು, ಟಿ.ವಿ. ಆಟ ನೋಡಲು ಬಂದವರು ಹಲವರು. ಶಿರಸಿಯಿಂದಲೂ ಸಿದ್ದಾಪುರದ ಕಡೆಯಿಂದಲೂ ಹಳೆಯ ಅಭಿಮಾನಿಗಳು ಬಂದಿದ್ದರು. ಕಂಬಕ್ಕೆ ಒರಗುವ ಜಾಗಗಳಿಗೆ ಜಗಳವಾಯಿತು, ಯಾಕೆಂದರೆ ಹೆಗಡೆಯವರ ಪೀಠಿಕೆಗೆ ಒರಗದೆ ಕೂರುವುದು ಯಾರಿಂದಲೂ ಆಗುವ ಕೆಲಸವಲ್ಲ. ನಡುವೆ ಸ್ಟೂಲಿನ ಮೇಲೆ ನನ್ನ ಕಪ್ಪು-ಬಿಳುಪು ಟಿ.ವಿ., ಒಂದು ಪಕ್ಕ ಭಾಗವತರು, ಇನ್ನೊಂದು ಪಕ್ಕ ಮದ್ದಲೆಯವರು. ಶಾಲು ಹೊದ್ದ ಹೆಗಡೆಯವರು ಎರಡನೇ ರಿಮೋಟನ್ನು ರಾಜದಂಡ ಹಿಡಿದ ಹಾಗೆ ಹಿಡಿದಿದ್ದರು. ಎದುರು ನಾನು.

ಗಂಗಕ್ಕ ಕವಳದ ತಟ್ಟೆ ತಂದಿಟ್ಟರು. ವೀಳ್ಯದೆಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ಇದ್ದ ಆ ತಟ್ಟೆ ಒಬ್ಬರಿಂದ ಒಬ್ಬರಿಗೆ ಸರಿಯುತ್ತಾ ಬಂತು. ಅರ್ಥಧಾರಿಗಳೆಲ್ಲ ನಿಧಾನವಾಗಿ ಎಲೆಯ ನಾರು ತೆಗೆದು, ಸುಣ್ಣ ಸವರಿ, ಬಾಯಿಗಿಟ್ಟು, ಗೋಡೆ ನೋಡುತ್ತಾ ಜಗಿಯುವುದನ್ನು ನಾನು ಕಂಡಿದ್ದೆ. ಅದರಲ್ಲೊಂದು ಗತ್ತು ಇದೆ. ನನಗೆ ಕವಳದ ಅಭ್ಯಾಸವಿಲ್ಲ. ಆದರೆ ಮಾತು ಬಾರದವನಿಗೆ ಗತ್ತಾದರೂ ಇರಲೆಂದು ತಟ್ಟೆ ಬಂದಾಗ ಧೈರ್ಯವಾಗಿ ಕೈ ಹಾಕಿದೆ.

“ಮಾಸ್ತರೆ, ಅದು ಹಸಿ ಅಡಿಕೆ. ರೂಢಿ ಇದ್ದ?” ಎಂದರು ಭಾಗವತರು.

“ನಮ್ಮ ಬನವಾಸ್ಯಾಗ ಅಡಕಿ ಬೆಳೀತಾರ್ರಿ!” ಎಂದೆ.

ಬೆಳೆಯುವುದು ಬೇರೆ, ತಿನ್ನುವುದು ಬೇರೆ ಎಂಬುದು ಜಗಿಯಲು ಶುರು ಮಾಡಿದ ಮೇಲೆ ತಿಳಿಯಿತು. ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಹಣೆ ಬೆವರಿತು. ಎದೆಯೊಳಗೆ ಯಾರೋ ಕೂತು ಮದ್ದಲೆ ಬಾರಿಸಿದ ಹಾಗಾಯಿತು. ಅಡಿಕೆ ಸೊಕ್ಕಿ ತಲೆಗೇರಿತ್ತು! ಉಗುಳಲು ಹೊರಗೆ ಹೋಗೋಣವೆಂದರೆ ಭಾಗವತರು ಆಗಲೇ ಪದ ಎತ್ತಿಯಾಗಿತ್ತು. ಬೇಲಿಯ ಮೇಲೆ ಅವರೇ ಕಟ್ಟಿದ ಪದ. ಪದ ಮುಗಿಯಿತು, ಮದ್ದಲೆ ನಿಂತಿತು, ಎಲ್ಲರ ಕಣ್ಣು ನಮ್ಮಿಬ್ಬರ ಮೇಲೆ ಬಿತ್ತು. ನಾನು ಇದ್ದದ್ದನ್ನೆಲ್ಲ ನುಂಗಿದೆ.

ಹೆಗಡೆಯವರು ಕಣ್ಣು ಮುಚ್ಚಿದರು. ತೆರೆದಾಗ ಅವರು ನಮ್ಮ ಮನೆಮಾಲೀಕರಾಗಿರಲಿಲ್ಲ, ಭೂಮಿ ಕಳೆದುಕೊಂಡ ವೀರನಾಗಿದ್ದರು. “ಎಲವೋ ನೆರೆಯವನೇ...” ಎಂದರು. ಆ ದನಿಗೆ ನನ್ನ ಮೈ ಜುಮ್ಮೆಂದಿತು. ಕಂಬಕ್ಕೆ ಒರಗಿದ್ದವರೂ ನೆಟ್ಟಗೆ ಕೂತರು.

“ಬಿಕ್!” ಎಂದೆ ನಾನು.

ಬಿಕ್ಕಳಿಕೆ. ಇಡೀ ಮೈ ಒಮ್ಮೆ ಕುಪ್ಪಳಿಸಿತು. ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು. ಟಿ.ವಿ.ಯಲ್ಲಿ ಬಿಳಿ ಚಡ್ಡಿಯವನು ಕಾಲೆತ್ತಿ ಕರಿ ಚಡ್ಡಿಯವನ ಮೂತಿಗೆ ಒದ್ದ.

ಹೆಗಡೆಯವರು ಶಾಲು ಸರಿಮಾಡಿಕೊಂಡರು. ಮತ್ತೆ ಸುಧಾರಿಸಿಕೊಂಡು, “ನಿನ್ನ ಅಜ್ಜನೂ ನನ್ನ ಅಜ್ಜನೂ...” ಎಂದರು.

“ಬಿಕ್!” ಇನ್ನೊಂದು ಒದೆ. “ಬಿಕ್!” ಒಂದು ಗುದ್ದು. ಉಸಿರು ಬಿಗಿಹಿಡಿದೆ. ಹಿಡಿದದ್ದು ಉಸಿರೊಂದನ್ನೇ ಅಲ್ಲ, ರಿಮೋಟನ್ನೂ ಇನ್ನಷ್ಟು ಬಿಗಿಯಾಗಿ ಹಿಡಿದೆ. ಬಿಳಿ ಚಡ್ಡಿಯವನು ಮೇಲಕ್ಕೆ ಹಾರಿ, ಗಾಳಿಯಲ್ಲಿ ತಿರುಗಿ, ನಾನು ಎಷ್ಟು ತಿಪ್ಪರಲಾಗ ಹಾಕಿದರೂ ಒಂದು ದಿನವೂ ಬಾರದಿದ್ದ ಹೊಡೆತವನ್ನು ಹೊಡೆದ! ಹೊಡೆತ ಬಿದ್ದದ್ದನ್ನು ಕಂಡ ಮದ್ದಲೆಯವರು ಯುದ್ಧ ಶುರುವಾಯಿತೆಂದು ತಿಳಿದು ಬಿರುಸಾಗಿ ಬಾರಿಸತೊಡಗಿದರು. ಮದ್ದಲೆ ಬಿರುಸಾದದ್ದಕ್ಕೆ ಭಾಗವತರು ಏರುದನಿಯಲ್ಲಿ ಯುದ್ಧದ ಪದ ಎತ್ತಿದರು. ಹೆಗಡೆಯವರ ಅಜ್ಜ ಇನ್ನೂ ಊಟಕ್ಕೆ ಕೂತಿರಲಿಲ್ಲ, ಅಷ್ಟರಲ್ಲಿ ಕರಿ ಚಡ್ಡಿಯವನು ಅಂಗಾತ ಬಿದ್ದಿದ್ದ.

ಆಮೇಲೆ ಆದದ್ದನ್ನು ಹೇಳದೆ ಬಿಡುವ ಹಾಗಿಲ್ಲ. ಜನ ಚಪ್ಪಾಳೆ ಹೊಡೆದರು!

ಸುಮ್ಮನೆ ಹೊಡೆದದ್ದಲ್ಲ, ಎದ್ದು ನಿಂತು ಹೊಡೆದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಅಂತೂ ಹೆಗಡೇರ ಪೀಠಿಕೆ ನಿಲ್ಸವ ಒಬ್ಬ ಹುಟ್ಟಿದ!” ಎಂದು ಹಿಂದಿನಿಂದ ಯಾರೋ ಕೂಗಿದರು. ಹಲವು ವರ್ಷ ಕೂತು ಕೇಳಿದವರ ಸೇಡೆಲ್ಲ ಒಂದೇ ಸಲ ತೀರಿದಂತಿತ್ತು. ನಾನು “ಹಂಗಲ್ರಿ, ನಂದು ಬಿಕ್... ಬಿಕ್...” ಎನ್ನುತ್ತಿದ್ದೆ. ಅದಕ್ಕೂ ನಕ್ಕರು.

ಹೆಗಡೆಯವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಶಾಲು ಮಡಚಿದರು. ರಿಮೋಟನ್ನು ಚಾಪೆಯ ಮೇಲೆ ಮೆಲ್ಲಗೆ, ಅದಕ್ಕೆ ನೋವಾದೀತೆನ್ನುವಂತೆ ಇಟ್ಟರು.

“ಚೊಲೋ ಆತು ಮಾಸ್ತರೆ. ನೀವೇ ಗೆದ್ದ್ರಿ” ಎಂದು ಒಳಗೆ ಹೋದರು.

ಮಾಸ್ತರೆ. ನೀವು. ಜಗಲಿಯ ತುಂಬ ಜನ ನನ್ನ ಬೆನ್ನು ತಟ್ಟುತ್ತಿದ್ದಾಗ ನನಗೆ ಕೇಳಿಸಿದ್ದು ಅದೆರಡೇ.

ಅಲ್ಲಿಂದ ನನ್ನ ಕೀರ್ತಿ ಹಬ್ಬಿತು. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬಂದು, “ಹೆಗಡೇರ ಪೀಠಿಕೆ ನಿಲ್ಸಿದ ಮಾಸ್ತರು ನೀವೇ ಅಲ್ದ?” ಎಂದು ಕೈ ಕುಲುಕಿದರು. ಸಿದ್ದಾಪುರದ ಒಂದು ಮದುವೆಯಲ್ಲಿ ನನ್ನ ಬಾಳೆಗೆ ಹೋಳಿಗೆ ಮತ್ತೆ ಮತ್ತೆ ಬಿತ್ತು. ಇನ್ನೊಂದು ಕಡೆಯ ಕೂಟದವರು, “ನಮ್ಮಲ್ಲೂ ಒಬ್ರು ಉದ್ದ ಮಾತಾಡವ್ರು ಇದ್ದ, ಪೆಟ್ಟಿಗೆ ತಗಂಡು ಬನ್ನಿ” ಎಂದು ಆಮಂತ್ರಣವನ್ನೇ ಕೊಟ್ಟರು. ಇಡೀ ಸೀಮೆಯಲ್ಲಿ ನನ್ನನ್ನು ಎಲ್ಲರೂ ಮಾತಾಡಿಸುತ್ತಿದ್ದರು. ಒಬ್ಬರು ಬಿಟ್ಟು!

ಆ ಒಬ್ಬರು ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದರು. ‘ಮಾಸ್ತರೆ, ನೀರು ಬಂತೇ’ ಎಂಬಲ್ಲಿಗೆ ನಮ್ಮ ಸಂಬಂಧ ಮರಳಿತು. ಒಂದು ದಿನ ತಡೆಯಲಾರದೆ ಪೆಟ್ಟಿಗೆ ಹೊತ್ತುಕೊಂಡು ನಾನೇ ಕೆಳಗಿಳಿದೆ.

“ಹೆಗಡೇರ, ಇವತ್ತ ನೀವ ಹೊಡೀರಿ. ನಾ ಸುಮ್ನ ನಿಂದರ್ತೀನ್ರಿ.”

ಅವರು ಕನ್ನಡಕದ ಮೇಲಿಂದ ನೋಡಿದರು. “ಸುಮ್ನೆ ನಿಂತವರಿಗೆ ಹೊಡಿಯದು ಎಂತ ಆಟ ಮಾಸ್ತರೆ? ನಂಗೆ ಸ್ವಲ್ಪ ಕೆಲ್ಸ ಇದ್ದು” ಎಂದು ಹಳೆಯ ಪೇಪರು ಬಿಡಿಸಿಕೊಂಡರು. ಅದು ತಲೆಕೆಳಗಾಗಿತ್ತು. ಗಂಗಕ್ಕ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. “ಈಗ ಯನ್ನ ಹತ್ರನೂ ಮಾತಾಡ್ತ್ರಿಲ್ಲೆ” ಎಂದರು. ರಜೆ ಸಿಕ್ಕ ಕಿವಿಯ ಸಂತೋಷ ಅವರ ಮುಖದಲ್ಲಿ ಕಾಣಲಿಲ್ಲ.

ಮೇಲೆ ಬಂದು ಟಿ.ವಿ. ಹಚ್ಚಿದೆ. ಗುದ್ದದೆಯೇ ಹತ್ತಿಕೊಂಡಿತು. ಬಿಳಿ ಚಡ್ಡಿ ನಾನು, ಕರಿ ಚಡ್ಡಿ ಪೆಟ್ಟಿಗೆಯದು. ಹೊಡೆಯೋಣವೆಂದು ಬೆರಳಿಟ್ಟೆ, ಮನಸ್ಸು ಬರಲಿಲ್ಲ. ಮಾತಿಲ್ಲದೆ ಹೊಡೆಯುವುದು ಹೇಗೆ? ಕೆಟ್ಟ ಅಭ್ಯಾಸವಾಗಿಹೋಗಿತ್ತು. ಗಂಟಲು ಸರಿಮಾಡಿಕೊಂಡೆ.

“ಎಲವೋ ನೆರೆಯವನೇ” ಎಂದೆ. ಕೋಣೆ ಖಾಲಿಯಿತ್ತು, ದನಿ ನನ್ನದೇ ಎಂದು ನಂಬಲಾಗಲಿಲ್ಲ. “ಬೇಲಿ ಸರಿಸಿದ್ದು ಯಾಕೆಂದು ಕೇಳಿದೆಯಲ್ಲ? ಕೇಳು. ಸರಿಸಿದ್ದು ನಿಜ. ಜಾಗದ ಆಸೆಯಿಂದಲ್ಲ. ನೀನು ನಿನ್ನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಸಂಜೆಯಾದರೆ ನಿನ್ನ ಒಲೆಯ ಹೊಗೆ ಕಾಣುತ್ತದೆ, ನಿನ್ನ ಮಾತು ಕೇಳುತ್ತದೆ, ನನ್ನನ್ನು ಕರೆಯುವವರಿಲ್ಲ. ಬೇಲಿ ಸರಿಸಿದರೆ ಜಗಳಕ್ಕಾದರೂ ಈ ಕಡೆ ಬರುತ್ತೀ ಎಂದುಕೊಂಡೆ. ಬಂದೆ. ಕೂತೆ. ನಿನ್ನ ಅಜ್ಜನ ಕಥೆ ಹೇಳಿದೆ. ಅದು ಮುಗಿಯದೇ ಇರಲಿ ಎಂದು ದಿನಾ ಬೇಡಿಕೊಂಡವನು ಇಡೀ ಸೀಮೆಯಲ್ಲಿ ನಾನೊಬ್ಬನೇ. ನಾನು ಹೊಡೆದದ್ದಲ್ಲ, ಅಡಿಕೆ ಹೊಡೆದದ್ದು...”

ಕರಿ ಚಡ್ಡಿಯವನಿಗೆ ಇದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. ನಾನು ಅಷ್ಟು ಹೇಳುವುದರೊಳಗೆ ಅವನು ನನ್ನನ್ನು ಎತ್ತಿ ಒಗೆದು, ಮೆಟ್ಟಿ, ನೆಲಕ್ಕೆ ಹಾಕಿದ್ದ. ಮತ್ತೆ ಎದ್ದೆ, ಮತ್ತೆ ಮಾತು ಮುಂದುವರಿಸಿದೆ, ಮತ್ತೆ ಬಿದ್ದೆ. ಮಾತು ಮಾತ್ರ ನಿಲ್ಲಲಿಲ್ಲ. ಬನವಾಸಿಯ ಕಟ್ಟೆ ಬಂತು, ಅಣ್ಣ ಬಂದ, ಎಡಗೈಗೆ ಸೋತದ್ದೂ ಬಂತು. ಕೆಳಗೆ ಪೇಪರಿನ ಸದ್ದು ನಿಂತಿತ್ತು. ಯಾರೋ ಕುರ್ಚಿ ಸರಿಸಿದಂತಾಯಿತು. ಹಲಗೆಯ ಸಂದಿನಿಂದ ಒಂದು ಕೆಮ್ಮು ಮೇಲೆ ಬಂತು. ನಾನು ದನಿ ಇನ್ನೂ ಸ್ವಲ್ಪ ಏರಿಸಿದೆ.

ಆಗ ಕೆಳಗಿನಿಂದ ಹೆಗಡೆಯವರ ಗುಡುಗು ಕೇಳಿತು.

“ಮಾಸ್ತರೆ! ಪೀಠಿಕೆ ಉದ್ದ ಆತು!”

ಬಾಯಿ ಮುಚ್ಚಿದೆ. ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಬರಬಹುದೆಂದು ಬಹಳ ಹೊತ್ತು ಕಿವಿಗೊಟ್ಟು ಕೂತೆ. ಬರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಹೆಗಡೆಯವರಿಂದಲೇ ‘ಉದ್ದವಾಯಿತು’ ಎಂದು ಹೇಳಿಸಿಕೊಂಡ ಏಕೈಕ ಅರ್ಥಧಾರಿ ನಾನೇ ಇರಬೇಕು!